ಹುಟ್ಟಿನಿಂದ ಎಂಬ ಒಂದು ಮಾತು

ಮನೆಯ ಆಸ್ತಿಯ ವಿಭಾಗದ ಪ್ರಸ್ತಾಪ ಬಂದೊಡನೆ, "ಕಾಯಿದೆ ಬರುವುದಕ್ಕೆ ಮೊದಲೇ ತಂದೆಯವರು ಕಾಲವಾದರು, ಆದಕಾರಣ ಹೆಣ್ಣುಮಕ್ಕಳಿಗೆ ಭಾಗವಿಲ್ಲ" ಎನ್ನುವವರು ಈಗಲೂ ಉಂಟು. ಇದು ಅವರು ಕಟ್ಟಿದ ಮಾತಲ್ಲ. ಒಮ್ಮೆ ಸುಪ್ರೀಂ ಕೋರ್ಟೇ ಹೀಗೆ ತೀರ್ಮಾನಿಸಿತ್ತು. ಆದರೆ ಆ ತೀರ್ಮಾನ ಈಗ ನಿಲ್ಲುವುದಿಲ್ಲ. ಕಾಯಿದೆಯ ಆ ಪ್ರಕರಣದಲ್ಲಿ ಒಂದಕ್ಷರವೂ ಬದಲಾಗದೆ ಅರ್ಥವು ಬದಲಾದ ಬಗೆಯನ್ನು ಈ ತಿಂಗಳು ವಾಚಕರೊಡನೆ ವಿಚಾರಮಾಡುವೆವು.

ಪಿತ್ರಾರ್ಜಿತದ ವಿಷಯದಲ್ಲಿ ನಮ್ಮ ನಾಡಿಗೆ ಪ್ರಮಾಣವಾಗಿದ್ದ ಗ್ರಂಥವು ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ವಿಜ್ಞಾನೇಶ್ವರನು ರಚಿಸಿದ ಮಿತಾಕ್ಷರಾ. ಅದರಂತೆ ದಾಯವು ಎರಡು ವಿಧ. ಜನಿಸಿದ ಮಾತ್ರದಿಂದಲೇ ಪ್ರಾಪ್ತವಾಗುವುದು ಅಪ್ರತಿಬಂಧ ದಾಯ; ಒಡೆಯನು ಗತಿಸಿದ ಮೇಲಷ್ಟೇ ದೊರೆಯುವುದು ಸಪ್ರತಿಬಂಧ ದಾಯ. ಮೊದಲನೆಯದು ಬಹುಕಾಲ ಗಂಡುಸಂತಾನಕ್ಕೇ ಮೀಸಲಾಗಿತ್ತು.

1956ರ ಹಿಂದೂ ಉತ್ತರಾಧಿಕಾರ ಕಾಯಿದೆಯೂ ಈ ಪದ್ಧತಿಯನ್ನು ಪೂರ್ತಿಯಾಗಿ ನೀಗಲಿಲ್ಲ. ಕರ್ನಾಟಕದಲ್ಲಿ 1994ರ ಜುಲೈ 30ರಿಂದ ಹೆಣ್ಣುಮಕ್ಕಳಿಗೂ ಜನ್ಮದ ಹಕ್ಕು ಬಂದಿತಾದರೂ, ಅದಕ್ಕೆ ಮೊದಲೇ ಮದುವೆಯಾದವರು ಹೊರಗುಳಿದರು. 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದ ಕೇಂದ್ರದ ತಿದ್ದುಪಡಿಯು ಆ ಭೇದವನ್ನು ಅಳಿಸಿತು. ತಿದ್ದುಪಡಿಯ ಆರಂಭದಿಂದ ಮಗಳು ಮಗನಂತೆಯೇ ಹುಟ್ಟಿನಿಂದ ಸಹಭಾಗಿ ಎಂಬುದು ಅದರ ತಾತ್ಪರ್ಯ. "ಆರಂಭದಿಂದ", "ಹುಟ್ಟಿನಿಂದ" ಎಂಬ ಎರಡು ಮಾತುಗಳಲ್ಲಿ ಯಾವುದು ಪ್ರಧಾನ? ವ್ಯಾಜ್ಯವೆಲ್ಲ ಇಲ್ಲಿಂದಲೇ ಹುಟ್ಟಿತು.

ಕರ್ನಾಟಕದಿಂದ ಹೋದ ಒಂದು ಅಪೀಲಿನಲ್ಲಿ, ಆ ದಿನ ತಂದೆಯೂ ಮಗಳೂ ಜೀವಂತರಾಗಿರತಕ್ಕದ್ದೆಂದು 2015ರಲ್ಲಿ ತೀರ್ಪಾಯಿತು. ಗತಿಸಿದ ತಂದೆ ಸಹಭಾಗಿಯಾಗಿ ಉಳಿದಿಲ್ಲವೆಂಬುದು ಅದರ ಯುಕ್ತಿ. ಕರ್ನಾಟಕದ್ದೇ ಮತ್ತೊಂದು ಅಪೀಲಿನಲ್ಲಿ, 2001ರಲ್ಲಿ ತೀರಿಕೊಂಡವನ ಹೆಣ್ಣುಮಕ್ಕಳಿಗೆ 2018ರಲ್ಲಿ ಸಮಭಾಗ ದೊರೆಯಿತು. ಈ ವಿರೋಧವನ್ನು 2020ರ ಆಗಸ್ಟ್ 11ರಂದು ಮೂವರು ನ್ಯಾಯಮೂರ್ತಿಗಳ ಪೀಠವು ಪರಿಹರಿಸಿತು. ಮಗಳ ಹಕ್ಕು ಅಪ್ರತಿಬಂಧ ದಾಯ. ಅದು ಜನ್ಮದಿಂದ ಬಂದುದು. ತಂದೆ ಆ ದಿನ ಬದುಕಿರಬೇಕೆಂಬ ನಿಯಮವಿಲ್ಲ.

ವಾಕ್ಯದ ಯಾವ ಪದವೂ ವ್ಯರ್ಥವಾಗದಂತೆ ಅರ್ಥಮಾಡಬೇಕೆಂಬುದು ಮೀಮಾಂಸಕರ ಮತ. ತಂದೆಯ ಆಯುಸ್ಸಿನ ಮೇಲೆ ಹಕ್ಕನ್ನು ನಿಲ್ಲಿಸಿದರೆ "ಹುಟ್ಟಿನಿಂದ" ಎಂಬ ಪದಕ್ಕೆ ಕೆಲಸವೇ ಇಲ್ಲವಾಗುತ್ತದೆ. ಆದಕಾರಣ ಕಡೆಯ ತೀರ್ಪೇ ಯುಕ್ತವೆಂದು ನಮ್ಮ ಅಭಿಪ್ರಾಯ.

ಆದರೆ ಎಲ್ಲ ಕಾಯಿದೆಗಳಿಗೂ ಒಂದೇ ಅಳತೆಗೋಲಿಲ್ಲ. ದಂಡನೆಯ ಕಾಯಿದೆಯಲ್ಲಿ ಸಂದೇಹ ಉಳಿದರೆ ಅದರ ಲಾಭ ಆರೋಪಿಗೆ. ತೆರಿಗೆ ವಿಧಿಸುವ ಮಾತು ಅಸ್ಪಷ್ಟವಾದರೆ ಲಾಭ ತೆರಿಗೆದಾರನಿಗೆ; ವಿನಾಯಿತಿಯ ಮಾತು ಅಸ್ಪಷ್ಟವಾದರೆ ಸರಕಾರಕ್ಕೆ. ದುರ್ಬಲರ ಹಿತಕ್ಕಾಗಿ ಹುಟ್ಟಿದ ಕಾಯಿದೆಯನ್ನು ಉದಾರವಾಗಿ ಓದುವುದು ರೂಢಿ. ಯಾರ ಮೇಲೆ ಭಾರ ಬೀಳುತ್ತದೆ, ಯಾರ ಹಿತಕ್ಕೆ ಕಾಯಿದೆ ಬಂದಿತು ಎಂಬ ಪ್ರಶ್ನೆಗಳೇ ನ್ಯಾಯಸ್ಥಾನಕ್ಕೆ ದಾರಿ ತೋರುವ ದೀಪಗಳು.

ಹಕ್ಕಿಗೆ ಮೇರೆಗಳೂ ಉಂಟು. 2004ರ ಡಿಸೆಂಬರ್ 20ಕ್ಕೆ ಮೊದಲು ರಿಜಿಸ್ಟರಾದ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಆದ ವಿಭಾಗವನ್ನು ಕದಲಿಸಲಾಗದು. ಬಾಯಿಮಾತಿನ ಪಾಲಾಯಿತೆಂಬ ವಾದವು ಮಾತ್ರ ಸರಕಾರಿ ದಾಖಲೆಯ ಬಲವಿಲ್ಲದೆ ಸಾಮಾನ್ಯವಾಗಿ ನಿಲ್ಲದು. ತಂದೆಯು ತನ್ನ ಸ್ವಯಾರ್ಜಿತವನ್ನು ಉಯಿಲಿನ ಮೂಲಕ ಇಚ್ಛೆಬಂದವರಿಗೆ ಕೊಡಬಹುದು. ಉಯಿಲಿಲ್ಲದೆ ಹೋದರೆ ಅದರಲ್ಲಿಯೂ ಮಗ ಮಗಳಿಗೆ ಸಮಭಾಗ.

ಭಾಗ ಕೇಳಿದರೆ ತವರು ತಪ್ಪೀತೆಂಬ ಅಂಜಿಕೆಯಿಂದ ಓದದೆಯೇ ಹಕ್ಕುಬಿಡುಗಡೆಗೆ ರುಜುಮಾಡುವ ಹೆಣ್ಣುಮಕ್ಕಳು ಎಷ್ಟೋ ಮಂದಿ. ಬಿಟ್ಟುಕೊಡುವುದು ದೊಡ್ಡ ಗುಣವೇ ಸರಿ; ಆದರೆ ತನ್ನದೆಂದು ತಿಳಿದು ಬಿಟ್ಟರೆ ಅದು ದಾನ, ತಿಳಿಯದೆ ಬಿಟ್ಟರೆ ಕೇವಲ ನಷ್ಟ. ಹಿರಿಯರಾದವರು ಪತ್ರವನ್ನು ಮುಂದಿಡುವ ಮೊದಲು ಅದರಲ್ಲಿರುವುದನ್ನು ಮಗಳಿಗೆ ಓದಿ ಹೇಳಲಿ. ಅಷ್ಟನ್ನು ಮಾಡುವುದಕ್ಕೆ ಯಾವ ನ್ಯಾಯಸ್ಥಾನದ ಅಪ್ಪಣೆಯೂ ಬೇಕಾಗಿಲ್ಲ.