ಕಾರು ನಿಮ್ಮದು, ಕಣ್ಣು ಯಾರದು?

ಆಳಂದದಿಂದ ಕಲಬುರಗಿಗೆ ಬರುವಾಗ ಬಸ್ಸಿನ ಕಿಟಕಿ ಪಕ್ಕ ಕುಳಿತವರಿಗೆ ಓದಲು ಪುಸ್ತಕವೇ ಬೇಕಿಲ್ಲ. ರಸ್ತೆಗೆ ಮುಖ ಮಾಡಿದ ಗೋಡೆಗಳ ಮೇಲೆ ಸಿಮೆಂಟು, ಬಿತ್ತನೆ ಬೀಜ, ಪೈಪು, ಬನಿಯನ್ನು ಎಲ್ಲವೂ ದೊಡ್ಡ ಅಕ್ಷರಗಳಲ್ಲಿ ಇವೆ. ಇದರಿಂದ ನಿಮಗೇನು ಸಿಕ್ಕಿತು ಎಂದು ಮನೆಯ ಯಜಮಾನನನ್ನು ಕೇಳಿ ನೋಡಿ. "ಪುಕ್ಕಟೆ ಬಣ್ಣ ಹಚ್ಚಿ ಕೊಟ್ಟಾರ್ರಿ, ಮತ್ತೇನು?" ಎನ್ನುತ್ತಾನೆ. ನಮ್ಮ ಹಳ್ಳಿಗಳಲ್ಲಿ ಜಾಹೀರಾತಿಗೆ ಜಾಗ ಕೊಟ್ಟವರ ಸಂಪಾದನೆ ಹೆಚ್ಚಾಗಿ ಇಷ್ಟೇ.

ಈ ಗೋಡೆಗಳು ನೆನಪಾದದ್ದು ಅಫಜಲಪುರದ ಪರಿಚಿತರೊಬ್ಬರ ಮನೆಯಲ್ಲಿ. ಅವರ ಮಗ ಬಿ.ಎಸ್ಸಿ. ಓದುತ್ತಾನೆ. ಮೊಬೈಲಿಗೆ ಬಂದ ಸಂದೇಶವೊಂದನ್ನು ಹಿಡಿದು ಅಪ್ಪನ ಮುಂದೆ ನಿಂತಿದ್ದ. ಕಾರಿನ ಮೇಲೆ ತಂಪು ಪಾನೀಯದ ಜಾಹೀರಾತು ಅಂಟಿಸಿಕೊಂಡರೆ ತಿಂಗಳಿಗೆ 15,000 ರೂಪಾಯಿ. ಅದಕ್ಕೂ ಮೊದಲು ತೆರಿಗೆ ಎಂದು 4,000 ಕಟ್ಟಬೇಕು. "ಕಾರು ಹೆಂಗೂ ಮನಿ ಮುಂದ ನಿಂತಿರ್ತದಪ್ಪಾ. ಬಂದ ರೊಕ್ಕದಾಗ ನನ್ನ ಹಾಸ್ಟೆಲ್ ಖರ್ಚು ಹೋಗ್ತದ" ಎಂದ.

ಉತ್ತರ ಅವನ ಮಾತಿನಲ್ಲೇ ಇತ್ತು. ಮನೆ ಮುಂದೆ ನಿಂತ ಕಾರಿನ ಮೇಲಿನ ಜಾಹೀರಾತನ್ನು ಓದುವವರು ಯಾರು?

ಹಾಗೆಂದು ಈ ವ್ಯಾಪಾರವೇ ಸುಳ್ಳಲ್ಲ. ಗುವಾಹಟಿಯ ಐಐಟಿಯಲ್ಲಿ ಓದಿದ ರಘು ಖನ್ನಾ ಎಂಬ ತರುಣ 2009ರಲ್ಲಿ 'ಕ್ಯಾಶ್ ಅರ್ ಡ್ರೈವ್' ಎಂಬ ಕಂಪನಿ ಕಟ್ಟಿದ್ದು ಇದೇ ವಿಚಾರದ ಮೇಲೆ. 2025ರಲ್ಲಿ ಅದು ಷೇರು ಪೇಟೆಗೂ ಬಂತು. ಆದರೆ ಜಾಹೀರಾತುದಾರ ಕೊಳ್ಳುವುದು ಕಾರಿನ ತಗಡನ್ನಲ್ಲ, ಅದನ್ನು ನೋಡುವ ಕಣ್ಣುಗಳನ್ನು. ಬೆಂಗಳೂರಿನ ಟ್ಯಾಕ್ಸಿ ದಿನವಿಡೀ ಜನರ ನಡುವೆ ಓಡುತ್ತದೆ. ಅಫಜಲಪುರದ ಕಾರು ವಾರಕ್ಕೊಮ್ಮೆ ಕಲಬುರಗಿಗೆ, ಉಳಿದಂತೆ ಹೊಲಕ್ಕೆ. ತಿಂಗಳಿಗೆ 15,000 ಎಂದರೆ ದಿನಕ್ಕೆ 500. ಜೇವರ್ಗಿ ನಿಲ್ದಾಣಕ್ಕೆ ಬಂದು ಹೋಗುವ ಬಸ್ಸಿನ ಬೆನ್ನನ್ನು ಬಿಟ್ಟು, ನಿಂತ ಕಾರಿಗೆ ದಿನಕ್ಕೆ 500 ಕೊಡುವ ಧಾರಾಳಿ ಕಂಪನಿ ಎಲ್ಲಿದೆ? ಈ ಲೆಕ್ಕಕ್ಕೆ ಬಿ.ಎಸ್ಸಿ. ಗಣಿತವೇನೂ ಬೇಡ.

ಅಮೆರಿಕದಲ್ಲಿ ಇದೇ ಆಮಿಷ ಚೆಕ್ಕಿನ ರೂಪದಲ್ಲಿ ಬರುತ್ತದೆ. ಮೊದಲೇ ದೊಡ್ಡ ಮೊತ್ತದ ಚೆಕ್ಕು ಕಳಿಸಿ, ಅದರಲ್ಲಿ ಒಂದಿಷ್ಟನ್ನು 'ಜಾಹೀರಾತು ಅಂಟಿಸುವವನಿಗೆ' ಕಳಿಸಿ ಎನ್ನುತ್ತಾರೆ. ಕೆಲವು ದಿನಗಳಲ್ಲಿ ಚೆಕ್ಕು ಖೊಟ್ಟಿ ಎಂದು ಗೊತ್ತಾಗುತ್ತದೆ, ಕಳಿಸಿದ ಹಣ ಮಾತ್ರ ಅಸಲಿ. ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ ಈ ಬಗ್ಗೆ ಜನರನ್ನು ಎಚ್ಚರಿಸಿದೆ. ನಮ್ಮಲ್ಲಿ ಚೆಕ್ಕಿನ ಗೋಜಿಲ್ಲ. ಮೊದಲು ನೋಂದಣಿ, ಆಮೇಲೆ ತೆರಿಗೆ, ಆಮೇಲೆ ಠೇವಣಿ. ಹೊಲದಲ್ಲಿ ಮೊಬೈಲ್ ಟವರ್ ಹಾಕುತ್ತೇವೆ ಎಂದು ರೈತರಿಂದ ಮುಂಗಡ ಕೀಳುವವರದೂ ಇದೇ ದಾರಿ.

"ಇದಕ್ಕೂ ಮೊದಲು ಎಷ್ಟು ಕಟ್ಟಿದೀಯಪ್ಪ?" ಎಂದು ಕೇಳಿದೆ. ಹುಡುಗ ತಲೆ ತಗ್ಗಿಸಿದ. ನೋಂದಣಿಗೆಂದು 2,500 ಹೋಗಿತ್ತು. ಅದು ಪರೀಕ್ಷಾ ಶುಲ್ಕಕ್ಕೆಂದು ಅಪ್ಪ ಕೊಟ್ಟಿದ್ದ ಹಣ. ಅಪ್ಪನ ಕೈ ಮೇಲೆದ್ದಿತು, ತಾಯಿ ನಡುವೆ ಬಂದರು. ತಂದೆ-ತಾಯಿಯರಿಗೆ ಒಂದು ಮಾತು ಹೇಳಲೇಬೇಕು. ಬೈಗುಳದ ಭಯಕ್ಕೇ ಮಕ್ಕಳು ಹಣ ಹೋದದ್ದನ್ನು ಮುಚ್ಚಿಡುತ್ತಾರೆ, ಅದನ್ನು ತುಂಬಿಕೊಳ್ಳಲೆಂದೇ ಮತ್ತೆ ಕಟ್ಟುತ್ತಾರೆ. ಮೊದಲು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಬೈಯುವುದನ್ನು ನಾಳೆಗೆ ಇಟ್ಟುಕೊಳ್ಳಿ. ದೂರು ಬೇಗ ಹೋದಷ್ಟೂ ಹಣವನ್ನು ದಾರಿಯಲ್ಲೇ ತಡೆಯುವ ಅವಕಾಶ ಹೆಚ್ಚು. ನಾವೂ ಆಗಲೇ ಮಾಡಿದೆವು.

ನಿಜವಾದ ಜಾಹೀರಾತು ಸಿಕ್ಕರೂ ಕೆಲವು ಸಂಗತಿ ಗೊತ್ತಿರಲಿ. ಕಾರಿನ ಬಣ್ಣವೇ ಬದಲಾಗುವಂತೆ ಹೊದಿಕೆ ಹಾಕಿಸಿದರೆ ಆರ್.ಸಿ. ಪುಸ್ತಕಕ್ಕೂ ಕಾರಿಗೂ ತಾಳೆಯಾಗುವುದಿಲ್ಲ. ಗಾಜಿನ ಮೇಲಂತೂ ಬೇಡ. ಮುಂದಿನ, ಹಿಂದಿನ ಗಾಜಿನಲ್ಲಿ ಶೇ. 70, ಪಕ್ಕದ ಗಾಜಿನಲ್ಲಿ ಶೇ. 50ರಷ್ಟು ಬೆಳಕು ಹಾಯಬೇಕೆಂಬುದು ಕೇಂದ್ರ ಮೋಟಾರು ವಾಹನ ನಿಯಮ. ಬಾಡಿಗೆ ವಾಹನವಾದರೆ ಆರ್.ಟಿ.ಓ. ಕಚೇರಿಯಲ್ಲಿ ಕೇಳಿಯೇ ಮುಂದುವರಿಯಿರಿ. ಎಷ್ಟು ತಿಂಗಳು, ಎಷ್ಟು ಹಣ, ಕೀಳುವಾಗ ಬಣ್ಣ ಹೋದರೆ ಯಾರ ಹೊಣೆ ಎಂಬುದು ಕಾಗದದ ಮೇಲಿರಲಿ.

ಹುಡುಗ ಮಾತ್ರ ವಿಚಾರ ಬಿಟ್ಟಿಲ್ಲ. ಅವನ ಸೋದರಮಾವನ ಟಂಟಂ ಗಾಣಗಾಪುರ ರೋಡ್ ರೈಲು ನಿಲ್ದಾಣಕ್ಕೂ ದತ್ತನ ಗುಡಿಗೂ ಓಡಾಡುತ್ತದೆ. ಹುಣ್ಣಿಮೆ ಬಂದರೆ ಮಹಾರಾಷ್ಟ್ರದ ಭಕ್ತರ ನೂಕುನುಗ್ಗಲು. ಅದರ ಬೆನ್ನಿಗೆ ಒಂದು ಹಲಗೆ ಹಾಕಲು ಗುಡಿ ಹತ್ತಿರದ ಖಾನಾವಳಿಯವರನ್ನು ಕೇಳಿದ್ದಾನೆ. ಅವರು ತಿಂಗಳಿಗೆ 300 ಎಂದಿದ್ದಾರೆ, ಇವನು 500ಕ್ಕೆ ನಿಂತಿದ್ದಾನೆ. ಆರ್.ಟಿ.ಓ. ಕಚೇರಿಗೆ ಬರುವ ಸೋಮವಾರ ಮಾವನೊಂದಿಗೆ ಹೋಗುತ್ತಾನಂತೆ.