ಗುಂಡಿನ ಸದ್ದು ಅಡಗಿದ ಮೇಲೆ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎನ್ನುತ್ತಾರೆ. ದೂರದ ಯುದ್ಧವೂ ಹಾಗೆಯೇ. ನಮ್ಮ ಈ ಚೆನ್ನೈ ನಗರದಲ್ಲಿ ಬಲು ಕಿಲಾಡಿಯಾದವನನ್ನು 'ಎಮ್ಡನ್' ಎಂದು ಕರೆಯುವ ವಾಡಿಕೆಯುಂಟು. ಅದು 1914ರ ಸೆಪ್ಟೆಂಬರ್ 22ರ ರಾತ್ರಿ ಕಡಲಿನಲ್ಲಿ ನಿಂತು ಊರಿನ ಮೇಲೆ ಗುಂಡು ಸುರಿಸಿದ ಜರ್ಮನ್ ಯುದ್ಧನೌಕೆಯ ಹೆಸರು. ಎಣ್ಣೆಯ ತೊಟ್ಟಿಗಳು ಹತ್ತಿ ಉರಿದವು, ಜನ ಸತ್ತರು, ಅನೇಕರು ಊರನ್ನೇ ಬಿಟ್ಟು ಓಡಿದರು. ಸತ್ತವರ ಹೆಸರನ್ನು ಇಂದು ಹೇಳುವವರಿಲ್ಲ. ಕೊಂದ ಹಡಗಿನ ಹೆಸರು ಮಾತ್ರ ತಮಾಷೆಯ ಮಾತಾಗಿ ಉಳಿದುಕೊಂಡಿದೆ.

ಯುದ್ಧದ ಚಿತ್ರಗಳನ್ನೂ ಮೈ ನಡುಗಿಸುವ ಸಾಕ್ಷ್ಯಚಿತ್ರಗಳನ್ನೂ ತೂಗಿ ನೋಡಲು ನಾನು ಇಟ್ಟುಕೊಂಡಿರುವ ಒರೆಗಲ್ಲು ಇದೇ. ಗುಂಡಿನ ಸದ್ದು ಅಡಗಿದ ಮೇಲೆ ಚಿತ್ರವು ಯಾರ ಮನೆಗೆ ಹೋಗುತ್ತದೆ? ಗೆದ್ದವನ ಮೆರವಣಿಗೆಯ ಹಿಂದೆಯೋ, ಸತ್ತವನ ಮನೆಯ ಜಗುಲಿಗೋ?

ಈ ಒರೆಗಲ್ಲಿಗೆ ತಿಕ್ಕಿದಾಗ ಚಿನ್ನವೆಂದು ತೋರುವುದು ನಮ್ಮ 'ಮುತ್ತಿನ ಹಾರ'. ರಾಜೇಂದ್ರಸಿಂಗ್ ಬಾಬು ಅವರು 1990ರಲ್ಲಿ ತೆಗೆದ ಈ ಚಿತ್ರದಲ್ಲಿ ವಿಷ್ಣುವರ್ಧನ್ ಕೊಡಗಿನ ಯೋಧ, ಸುಹಾಸಿನಿ ದಾದಿ. ಸಿಡಿಮದ್ದು ಅದರಲ್ಲಿಯೂ ಸಾಕಷ್ಟಿದೆ. ಆದರೆ ಯುದ್ಧದ ಬೆಲೆಯನ್ನು ಅದು ಲೆಕ್ಕ ಹಾಕುವುದು ಒಂದು ದಾಂಪತ್ಯದೊಳಗೆ. ತಮಿಳಿನ 'ಅಮರನ್' (2024) ಕೂಡ ಇದೇ ದಾರಿಯದು. 2014ರಲ್ಲಿ ಕಾಶ್ಮೀರದಲ್ಲಿ ಮಡಿದ ಮೇಜರ್ ಮುಕುಂದ್ ವರದರಾಜನ್ ಅವರ ಕಥೆಯನ್ನು ಪತ್ನಿಯ ಬಾಯಿಂದಲೇ ಹೇಳಿಸಿದ್ದಾರೆ. ಆತ ಅಧಿಕಾರಿಯಾಗಿ ತರಬೇತಿ ಪಡೆದದ್ದು ನಮ್ಮ ಈ ಊರಿನ ಅಕಾಡೆಮಿಯಲ್ಲಿಯೇ.

ಇನ್ನು 2025ರ ಹಿಂದಿ ಚಿತ್ರ 'ಸ್ಕೈ ಫೋರ್ಸ್'. ಅದಕ್ಕೆ ಮೂಲವಾದವರು ಕೊಡಗಿನ ಅಜ್ಜಮಾಡ ದೇವಯ್ಯ. 1965ರ ಸೆಪ್ಟೆಂಬರ್ 7ರಂದು ಸರ್ಗೋಧಾದ ಮೇಲೆ ನಡೆದ ದಾಳಿಯಲ್ಲಿ, ತಮ್ಮದಕ್ಕಿಂತ ಎಷ್ಟೋ ವೇಗದ ಸ್ಟಾರ್‌ಫೈಟರ್ ವಿಮಾನವನ್ನು ಕೆಡವಿ, ತಾವು ಮರಳದೆ ಹೋದರು. ಅವರು ಮಾಡಿದ್ದೇನು ಎಂಬುದು ಬಹುಕಾಲ ತಿಳಿಯಲೇ ಇಲ್ಲ. ಮಹಾವೀರ ಚಕ್ರ ಬಂದದ್ದು 1988ರಲ್ಲಿ. ಎಂದರೆ 23 ವರ್ಷಗಳ ತರುವಾಯ. ಅಷ್ಟು ಕಾಯ್ದು ಬೆಳಕಿಗೆ ಬಂದ ಹೆಸರನ್ನು ಚಿತ್ರದವರು ಬದಲಾಯಿಸಿ, ಪಾತ್ರಕ್ಕೆ ಬೇರೊಂದನ್ನು ಇಟ್ಟಿದ್ದಾರೆ. ಅವರಿಗೆ ಅವರದೇ ಕಾರಣಗಳಿರಬಹುದು. ಆದರೂ ಸತ್ತವನಿಗೆ ಉಳಿಯುವ ಆಸ್ತಿ ಹೆಸರೊಂದೇ ಅಲ್ಲವೇ? ಚಿತ್ರ ನೋಡಿದ ಹುಡುಗನಿಗೆ ದೇವಯ್ಯನವರ ಹೆಸರನ್ನು ನಾವೇ ಹೇಳಬೇಕಾಗಿದೆ.

ಸಾಕ್ಷ್ಯಚಿತ್ರಗಳ ಮಾತಿಗೆ ಬಂದರೆ, ಇಲ್ಲಿನ ಕನ್ನಡಿಗರಿಗೆ ತೀರ ಹತ್ತಿರದ್ದು 2023ರ 'ದಿ ಹಂಟ್ ಫಾರ್ ವೀರಪ್ಪನ್'. ಇದು ನಾಲ್ಕು ಕಂತುಗಳದು. ಪೊಲೀಸರನ್ನೂ ಅವನ ಹೆಂಡತಿಯನ್ನೂ ಕೂರಿಸಿ ಮಾತನಾಡಿಸಿರುವುದು ಇದರ ಗುಣ. ದೋಷವೆಂದರೆ, ಏನೇ ಮಾಡಿದರೂ ಆ ಮೀಸೆಯೇ ಮುಂದೆ ಬಂದು ನಿಲ್ಲುತ್ತದೆ. ಶರಣಾಗತಿಯ ಮಾತು ನಂಬಿ ಹೋಗಿ 1991ರಲ್ಲಿ ಕೊಲೆಯಾದ ಅರಣ್ಯಾಧಿಕಾರಿ ಶ್ರೀನಿವಾಸ್, ವೀರಪ್ಪನ್ ಹುಟ್ಟಿದ ಗೋಪಿನಾಥಂನಲ್ಲಿಯೇ ಜನರಿಗಾಗಿ ಮಾರಿಯಮ್ಮನ ಗುಡಿ ಕಟ್ಟಿಸಿದ್ದರು. ನನ್ನನ್ನು ಕೇಳಿದರೆ, ನಾಲ್ಕರಲ್ಲಿ ಒಂದು ಕಂತು ಪೂರ್ತಿ ಅವರಿಗೇ ಸಲ್ಲಬೇಕಿತ್ತು. 1993ರಲ್ಲಿ ಪಾಲಾರ್ ಬಳಿ ನೆಲಬಾಂಬಿಗೆ ಬಲಿಯಾದ 22 ಮಂದಿ ನಮ್ಮ ಬಾಯಲ್ಲಿ ಬರಿಯ ಸಂಖ್ಯೆ.

2000ದ ಜುಲೈ 30ರಂದು ಗಾಜನೂರಿನಿಂದ ರಾಜಕುಮಾರ್ ಅವರನ್ನು ಹೊತ್ತೊಯ್ದ ಮೇಲಿನ 108 ದಿನಗಳು ನಮ್ಮ ಹಿರಿಯರಿಗೆ ಸಾಕ್ಷ್ಯಚಿತ್ರವಾಗಿರಲಿಲ್ಲ. ಬೆಂಗಳೂರಿನ ತಮಿಳರಿಗೂ ಇಲ್ಲಿನ ಕನ್ನಡಿಗರಿಗೂ ಅಂದಿನ ಭಯ ಒಂದೇ ಬಗೆಯದು: ನಾಳೆ ಮಕ್ಕಳನ್ನು ಶಾಲೆಗೆ ಕಳಿಸುವುದೋ ಬೇಡವೋ ಎಂಬುದು. ಇಂಥ ಭಯವನ್ನು ತೋರಿಸಲು ಹಿನ್ನೆಲೆ ಸಂಗೀತ ಬೇಕಿಲ್ಲ. ಅದನ್ನು ಬಿಟ್ಟು ಕತ್ತಲೆ, ಕಾಡು, ಗೂಬೆಯ ಕೂಗು ಇವುಗಳಿಂದ ನಮ್ಮನ್ನು ಬೆಚ್ಚಿಬೀಳಿಸುವುದು ಸುಲಭದ ಕೆಲಸ.

ಹಾಗಾದರೆ ಇವನ್ನು ನೋಡಬಾರದೇ? ಧಾರಾಳವಾಗಿ ನೋಡೋಣ. ಮಕ್ಕಳು ಮಾತ್ರ ಒಂಟಿಯಾಗಿ ಕೈಯಲ್ಲಿ ಫೋನು ಹಿಡಿದು ಮೂಲೆಯಲ್ಲಿ ಕೂತು ನೋಡುವುದು ಬೇಡ. ಮನೆಮಂದಿಯೆಲ್ಲ ಒಟ್ಟಿಗೆ ಕೂತು ನೋಡಿ, ಮುಗಿದ ಮೇಲೆ ಐದು ನಿಮಿಷ ಮಾತನಾಡೋಣ. ಇದರಲ್ಲಿ ಸತ್ತವರು ಯಾರು, ಅವರ ಊರು ಯಾವುದು, ಅವರ ಮನೆಯಲ್ಲಿ ಯಾರಿದ್ದರು ಎಂದು ಮಕ್ಕಳನ್ನು ಕೇಳೋಣ. ಉತ್ತರ ಚಿತ್ರದಲ್ಲಿ ಸಿಗದಿದ್ದರೆ, ಹುಡುಕಿ ಹೇಳುವ ಹೊಣೆ ಮನೆಯ ಹಿರಿಯರದು.