ಹಗೇವಿನ ಕಥೆ, ಅದರ ಮುಂದಿನ ಕಥೆ

ಬೀದರ್ ಸೀಮೆಯಲ್ಲಿ ಅಂಜಿಕೆಯ ಕಥೆಗಳಿಗೆ ಬರವಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಬೋರ್ಡು ಹಾಕಿ ಒಳಗೆ ಕನ್ನಡ ಕಲಿಸಿದ್ದನ್ನು ಇಲ್ಲಿ ಎಲ್ಲರೂ ಹೆಮ್ಮೆಯಿಂದ ಹೇಳುತ್ತಾರೆ. ಅದು ಗೆದ್ದು ಬಂದ ಅಂಜಿಕೆ. ತನ್ನ ಬಾಳನ್ನು ಬರೆಯಲು ಕೂತವನನ್ನು ಕಾಡುವುದು ಬೇರೆ.

ಔರಾದ್ ಕಡೆಯ ಅಜ್ಜನೊಬ್ಬ 1948ರ ಮಾತು ತೆಗೆದ. ನಿಜಾಮರ ಬೆಂಬಲಿಗ ಪಡೆಯಾದ ರಜಾಕಾರರು ಬಂದರೆಂದು ಗುಲ್ಲೆದ್ದಾಗ ಮಕ್ಕಳನ್ನು ಬರಿದಾದ ಹಗೇವಿಗೆ, ಅಂದರೆ ಜೋಳ ತುಂಬಿಡುವ ನೆಲಗುಂಡಿಗೆ, ಇಳಿಸಿದ್ದು, ಬಾಯಿಗೆ ಕಣಕಿಯ ಸಿವುಡು ಹೊಚ್ಚಿದ್ದು, ಒಳಗಿನ ಹಳೇ ಜೋಳದ ಘಾಟು, ಅಳುವ ತಮ್ಮನ ಬಾಯನ್ನು ಅವ್ವ ಅಂಗೈಯಲ್ಲಿ ಒತ್ತಿ ಹಿಡಿದದ್ದು, ಎಲ್ಲ ಕೈಯಳತೆ ಸಮೇತ ಬಂತು. ಸೆಪ್ಟೆಂಬರ್‌ನಲ್ಲಿ ನಿಜಾಮರ ಸಂಸ್ಥಾನಕ್ಕೆ ಭಾರತದ ಸೇನೆ ಬಂದ ಮೇಲಿನ ದಿನಗಳಿಗೆ ಬರುವಷ್ಟರಲ್ಲಿ ಮಾತು ಗಿಡ್ಡಾಯಿತು. "ಆಮ್ಯಾಲ ಪೊಲೀಸ್ ಆ್ಯಕ್ಷನ್ ಆಯ್ತು ತಮ್ಮಾ, ಮುಗೀತು. ಅಷ್ಟೇ ಬರಕೋ."

ಮುಗಿದಿರಲಿಲ್ಲ. ವರ್ಷದ ಕೊನೆಗೆ ಹೈದರಾಬಾದ್ ಸಂಸ್ಥಾನ ಸುತ್ತಿದ, ಭಾರತ ಸರ್ಕಾರ ಕಳಿಸಿದ್ದ ಪಂಡಿತ್ ಸುಂದರಲಾಲ್ ಸಮಿತಿ, ಮುಸ್ಲಿಮರ ಹತ್ಯೆ, ಲೂಟಿ ಅತಿ ಹೆಚ್ಚು ನಡೆದ ನಾಲ್ಕು ಜಿಲ್ಲೆಗಳಲ್ಲಿ ಬೀದರನ್ನೂ ಹೆಸರಿಸಿತು. ಇಡೀ ಸಂಸ್ಥಾನದಲ್ಲಿ ಸತ್ತವರು 27 ಸಾವಿರದಿಂದ 40 ಸಾವಿರ ಎಂದು ಅಂದಾಜಿಸಿತು. ವರದಿ ದಶಕಗಳ ಕಾಲ ಸರ್ಕಾರದ ಕಡತದಿಂದ ಹೊರಬರಲಿಲ್ಲ. ಸರ್ಕಾರಕ್ಕೇ ಅಷ್ಟು ಅಳುಕಿದ್ದಾಗ ಓಣಿಯ ಅಜ್ಜನನ್ನು ದೂರುವುದು ಹೇಗೆ? ಅದೇ ವರ್ಷದ ಮೇ ತಿಂಗಳಲ್ಲಿ ರಜಾಕಾರರು ಕೊಂದವರಿಗೆ ಬೀದರ್ ಜಿಲ್ಲೆಯ ಗೋರಟಾದಲ್ಲಿ ಸ್ಮಾರಕವಿದೆ, ಇರಬೇಕಾದದ್ದೇ. ಸೆಪ್ಟೆಂಬರ್‌ನಲ್ಲಿ ಸತ್ತವರ ಮಾತು ಬಂದರೆ ಮಾತ್ರ ದನಿ ತಗ್ಗುತ್ತದೆ.

ನಮಗೆ ಆದದ್ದನ್ನು ಬರೆಯಲು ಧೈರ್ಯವೊಂದಿದ್ದರೆ ನಡೆದೀತು. ನಮ್ಮವರ ಕೈಯಿಂದ ಆದದ್ದನ್ನು ಬರೆಯಬೇಕೆಂದರೆ, ತೀರಿಕೊಂಡ ಅಪ್ಪನನ್ನೋ ಕಾಕಾನನ್ನೋ ಕೇಳದೆಯೇ ಕಟಕಟೆಗೆ ಎಳೆದು ತರಬೇಕು. ಗಡಿಯಾಚೆ ಸೊಲ್ಲಾಪುರ ಜಿಲ್ಲೆಯ ಶರಣಕುಮಾರ ಲಿಂಬಾಳೆ 1984ರಲ್ಲಿ ಮರಾಠಿಯಲ್ಲಿ ತಮ್ಮ ಆತ್ಮಕಥೆ 'ಅಕ್ಕರಮಾಶಿ' ಪ್ರಕಟಿಸಿದಾಗ ಅವರಿಗಿನ್ನೂ ಮೂವತ್ತು ತುಂಬಿರಲಿಲ್ಲ. ದಲಿತ ತಾಯಿಗೂ ಮೇಲ್ಜಾತಿಯ ತಂದೆಗೂ ಮದುವೆಯಾಚೆ ಹುಟ್ಟಿದವನು ತಾನು ಎಂದು ಬರೆದರು. ಆ ಬಾಳು ಅವರೊಬ್ಬರದೇ ಆಗಿರಲಿಲ್ಲ, ತಾಯಿಯದೂ ಹೌದು. ಪುಸ್ತಕದ ಬಗ್ಗೆ ನನಗೆ ದೊಡ್ಡ ಗೌರವವಿದೆ. ತಾಯಿಯ ಪಾಲನ್ನು ಮಗ ಬರೆಯಬಹುದೇ ಎಂಬ ತಕರಾರೂ ಇದೆ, ಬರೆಯದಿದ್ದರೆ ಆ ತಾಯಿಯ ಸಂಕಟ ನಮಗೆ ತಿಳಿಯುತ್ತಲೇ ಇರಲಿಲ್ಲ ಎಂಬುದನ್ನು ಬಲ್ಲೆನಾದರೂ.

ಹೆಸರು ಬದಲಿಸಿ ಕಾದಂಬರಿ ಮಾಡಿ ಎಂದು ಬುದ್ಧಿ ಹೇಳುವವರು ಬೆಂಗಳೂರಿನವರೇ ಇರಬೇಕು. ಔರಾದ್‌ನಲ್ಲಾದರೆ ಪುಸ್ತಕ ಬಂದ ಸಂಜೆಯೇ ಯಾವ ಓಣಿ, ಯಾರ ಮನೆ ಎಂಬುದು ಚಹಾದಂಗಡಿಯಲ್ಲಿ ಇತ್ಯರ್ಥವಾಗಿರುತ್ತದೆ. ಬರೆದವನಿಗೇ ಗೊತ್ತಿಲ್ಲದ ಇನ್ನೆರಡು ಸಂಗತಿಗಳೂ ಅಲ್ಲೇ ಸೇರಿಕೊಂಡಿರುತ್ತವೆ.